ಪಿಸ್ಗಾ ಗಿರಿವನದ ಜಾರುಬಂಡೆ

ಜಾರುಬಂಡೆ ಎಂದೊಡನೆ ಶಾಲೆಯ ಆಟದ ಬಯಲೋ ನಗರದ ಉದ್ಯಾನವೋ ನೆನಪಾಗುವುದು ಸಹಜ. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಪಿಸ್ಗಾ ರಾಷ್ಟ್ರೀಯ ಅರಣ್ಯದಲ್ಲಿ ಮಾತ್ರ ಹೊಳೆಯೊಂದೇ ಮಕ್ಕಳಿಗಾಗಿ ಜಾರುಬಂಡೆಯನ್ನು ನಯಗೊಳಿಸಿ ಇಟ್ಟಿದೆ. ಸುಮಾರು 60 ಅಡಿ ಉದ್ದದ ಇಳಿಜಾರು ಬಂಡೆ. ಅದರ ಮೇಲೆ ನಿಮಿಷಕ್ಕೆ 11,000 ಗ್ಯಾಲನ್‌ಗಳಷ್ಟು ನೀರಿನ ಹರಿವು. ಕೆಳಗೆ ಆಳವಾದ ಮಡು. ಬೇಸಿಗೆಯಲ್ಲಿ ಹಿರಿಯರೂ ಕಿರಿಯರೂ ಸಾಲಾಗಿ ನಿಂತು, ಸರದಿ ಬಂದೊಡನೆ ಬಂಡೆಯ ನೆತ್ತಿಯಲ್ಲಿ ಕುಳಿತು ಕೆಳಕ್ಕೆ ಜಾರುತ್ತಾರೆ. ಮಡುವಿನ ತಣ್ಣೀರು ಸೋಕಿದಾಗ ಕೂಗಿಕೊಳ್ಳದವರು ವಿರಳ.

ಬ್ರೆವರ್ಡ್ ಪಟ್ಟಣದ ಕಡೆಯಿಂದ ಹೊಳೆಯ ಜೊತೆಜೊತೆಗೇ ಏರುವ ರಸ್ತೆ ಇಲ್ಲಿಗೆ ಬರುತ್ತದೆ. ಜಾರುಬಂಡೆಗೆ ಮುನ್ನ ರಸ್ತೆಯ ಪಕ್ಕದಲ್ಲಿಯೇ 60 ಅಡಿ ಎತ್ತರದಿಂದ ಧುಮುಕುವ ಲುಕಿಂಗ್ ಗ್ಲಾಸ್ ಜಲಪಾತ ಕಾಣಿಸುತ್ತದೆ. ನಡೆಯಲಾರದ ವೃದ್ಧರೂ ವಾಹನದಿಂದ ಇಳಿದು ಅದರ ಸೊಬಗನ್ನು ಸವಿಯಬಹುದು. ಬಂಡೆಗಳು ಜಾರುವುದರಿಂದ ನೆತ್ತಿಗೆ ಹತ್ತುವ ಸಾಹಸ ಮಾತ್ರ ಸಲ್ಲದು.

ಜಾರುಬಂಡೆಯನ್ನು ದಾಟಿ ಮೇಲೇರಿದರೆ ಒಂದು ಹಳೆಯ ಪಾಠಶಾಲೆಯ ನೆಲೆ ಎದುರಾಗುತ್ತದೆ. ಈ ಗಿರಿವನದ ಕಥೆ ಇರುವುದು ಇಲ್ಲಿ. 19ನೆಯ ಶತಮಾನದ ಕೊನೆಯಲ್ಲಿ ಜಾರ್ಜ್ ವಾಂಡರ್‌ಬಿಲ್ಟ್ ಎಂಬ ಶ್ರೀಮಂತನು ಈ ಸೀಮೆಯಲ್ಲಿ ಸುಮಾರು 1,25,000 ಎಕರೆ ಭೂಮಿಯನ್ನು ಕೊಂಡನು. ಅದರಲ್ಲಿ ಬಹುಭಾಗ ಮನಬಂದಂತೆ ಕಡಿದ, ದನಕರು ಮೇಯ್ದು ಬಡವಾದ ನೆಲ. ಅದರ ಆರೈಕೆಗಾಗಿ ಗಿಫರ್ಡ್ ಪಿಂಚೋ, ಅನಂತರ ಜರ್ಮನಿಯ ಕಾರ್ಲ್ ಶೆಂಕ್ ನೇಮಕಗೊಂಡರು. ಶೆಂಕ್ 1898ರಲ್ಲಿ ತೆರೆದ ಬಿಲ್ಟ್‌ಮೋರ್ ಅರಣ್ಯ ಶಾಲೆಯೇ ಅಮೆರಿಕದ ಮೊದಲ ಅರಣ್ಯ ವಿದ್ಯಾಲಯ. ವಿದ್ಯಾರ್ಥಿಗಳು ಬೆಳಿಗ್ಗೆ ಪಾಠ ಕೇಳಿ, ಮಧ್ಯಾಹ್ನ ಕಾಡಿನಲ್ಲಿ ಅದನ್ನೇ ಕೈಯಾರೆ ಮಾಡಿ ಕಲಿಯುತ್ತಿದ್ದರು.

1911ರಲ್ಲಿ ಅಮೆರಿಕದ ಸಂಸತ್ತು, ನದಿಗಳ ಉಗಮಸ್ಥಾನವನ್ನು ಕಾಪಾಡುವುದಕ್ಕಾಗಿ ಖಾಸಗಿ ಭೂಮಿಯನ್ನು ಸರ್ಕಾರ ಕೊಳ್ಳಬಹುದೆಂಬ ಕಾನೂನನ್ನು ಮಾಡಿತು. 1914ರಲ್ಲಿ ವಾಂಡರ್‌ಬಿಲ್ಟ್ ತೀರಿಕೊಂಡ ಮೇಲೆ ಆತನ ಪತ್ನಿ ಈಡಿತ್, ಎಕರೆಗೆ ಸುಮಾರು 5 ಡಾಲರ್‌ನಂತೆ 86,000 ಎಕರೆಗೂ ಹೆಚ್ಚಿನ ಕಾಡನ್ನು ಸರ್ಕಾರಕ್ಕೆ ಮಾರಿದಳು. 1916ರಲ್ಲಿ ಪಿಸ್ಗಾ ರಾಷ್ಟ್ರೀಯ ಅರಣ್ಯವಾಯಿತು. ಒಬ್ಬ ಧನಿಕನ ಬೇಟೆಯ ಕಾಡು ಎಲ್ಲರ ವಿಹಾರಸ್ಥಾನವಾದದ್ದು ಹೀಗೆ. ಇಂದು ಅದರ ವಿಸ್ತಾರ 5 ಲಕ್ಷ ಎಕರೆಗೂ ಮಿಕ್ಕಿದೆ.

ರಸ್ತೆ ಮತ್ತೂ ಏರಿ ಬ್ಲೂ ರಿಡ್ಜ್ ಹೆದ್ದಾರಿಯನ್ನು ಸೇರುತ್ತದೆ. ಅಲ್ಲಿಂದ ನೋಡಿದರೆ ಗಿರಿಗಳ ಹಿಂದೆ ಗಿರಿಗಳು, ದೂರವಾದಂತೆಲ್ಲ ನೀಲಿ ತಿಳಿಯಾಗುತ್ತ, ಕೊನೆಗೆ ಆಕಾಶದಲ್ಲಿ ಬೆರೆತುಹೋಗುತ್ತವೆ. ಕಣಿವೆಯ ನಡುವೆ ಎದ್ದುನಿಂತ ಲುಕಿಂಗ್ ಗ್ಲಾಸ್ ಶಿಲೆ ಒದ್ದೆಯಾದಾಗ ಬಿಸಿಲಿಗೆ ಕನ್ನಡಿಯಂತೆ ಹೊಳೆಯುತ್ತದೆ. ಅಕ್ಟೋಬರಿನಲ್ಲಿ ಬೆಟ್ಟಗಳೆಲ್ಲ ಕೆಂಪು, ಹಳದಿ, ಕಾವಿಯ ಬಣ್ಣಗಳನ್ನುಡುತ್ತವೆ.

ಆದರೆ ಅದೇ ಹೆದ್ದಾರಿಯ ಬದಿಯ ಗ್ರೇವ್‌ಯಾರ್ಡ್ ಫೀಲ್ಡ್ಸ್, ಎಂದರೆ ಸ್ಮಶಾನದ ಬಯಲು, ಬೇರೊಂದು ಮಾತನ್ನು ಹೇಳುತ್ತದೆ. 1925ರ ಕಾಳ್ಗಿಚ್ಚು ಅಲ್ಲಿ ಮರಗಳನ್ನಷ್ಟೇ ಅಲ್ಲ, ಮಣ್ಣಿನ ಸಾರವನ್ನೂ ಸುಟ್ಟಿತು. ಸುಮಾರು ನೂರು ವರ್ಷ ಕಳೆದರೂ ಅಲ್ಲಿ ಪೊದೆ, ಹುಲ್ಲುಗಳದೇ ದೊರೆತನ. ಆಗಸ್ಟಿನಲ್ಲಿ ಆ ಪೊದೆಗಳ ತುಂಬ ನೀಲಿ ಹಣ್ಣುಗಳು. ಬುಟ್ಟಿ ಹಿಡಿದು ಬಂದ ಸಂಸಾರಗಳಿಗೆ ಅದೇ ಹಬ್ಬ.

2024ರ ಸೆಪ್ಟೆಂಬರ್ 27ರಂದು ಹೆಲೀನ್ ಚಂಡಮಾರುತ ಈ ಸೀಮೆಯನ್ನು ಅಪ್ಪಳಿಸಿತು. ಮರಗಳು ಉರುಳಿದವು, ಹಾದಿಗಳು ಕೊಚ್ಚಿಹೋದವು. ಸುತ್ತಲಿನ ಕಣಿವೆಗಳಲ್ಲಿ ಪ್ರಾಣಹಾನಿಯೂ ಆಯಿತು. ಆದುದರಿಂದ ಹೊರಡುವ ಮುನ್ನ ಯಾವ ಹಾದಿ ತೆರೆದಿದೆಯೆಂದು ಅರಣ್ಯ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಲೇಸು. ಕಾಡನ್ನು ಕೊಂಡವರು ಒಮ್ಮೆ ಹಣ ತೆತ್ತರು. ಕಾಯುವವರು ಪ್ರತಿ ತಲೆಮಾರಿನಲ್ಲಿಯೂ ಹೊಸದಾಗಿ ಬೆಲೆ ತೆರಬೇಕು. ಜಾರುಬಂಡೆಯ ಮೇಲೆ ನಲಿಯುವ ಮಗುವಿಗೆ ಇದಾವುದೂ ತಿಳಿಯದು. ಜೊತೆಯಲ್ಲಿ ಬಂದ ಹಿರಿಯರಿಗೆ ತಿಳಿದಿದ್ದರೆ ಸಾಕು.