ಬಾಣದ ದರ

ಟೈಪ್‌ರೈಟರಿನಲ್ಲಿ ಬಾಣದ ಕೀಲಿ ಇರಲಿಲ್ಲ. ಅಪ್ಪನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಪ್ರಬಂಧ ಹಿಡಿದು ಬರುತ್ತಿದ್ದ ವಿದ್ಯಾರ್ಥಿಗಳ ಕಟ್ಟಿನಲ್ಲಿ ಒಂದು ಹಾಳೆಯಾದರೂ ಚೌಕ, ಬಾಣಗಳದ್ದಾಗಿರುತ್ತಿತ್ತು. ಅಪ್ಪ ಚೌಕದೊಳಗಿನ ಅಕ್ಷರಗಳನ್ನಷ್ಟೇ ರೆಮಿಂಗ್ಟನ್ನಿನಲ್ಲಿ ಕುಟ್ಟಿ, ಹಾಳೆ ಹೊರಗೆಳೆದು, ಸ್ಕೇಲು ಹಿಡಿದು ಕಪ್ಪು ಮಸಿಯಲ್ಲಿ ಗೆರೆ ಹಾಕುತ್ತಿದ್ದರು. ಬಾಣದ ಮೂತಿಯ ತ್ರಿಕೋನ ತುಂಬುವಾಗ ಯಾರೂ ಮಾತಾಡಿಸುವಂತಿರಲಿಲ್ಲ. ಮಸಿ ಹರಡಿತೋ, ಇಡೀ ಪುಟ ಮತ್ತೆ ಕುಟ್ಟಬೇಕು. ಹಾಗಾಗಿ ಪುಟಕ್ಕೊಂದು ದರ, ಬಾಣಕ್ಕೆ ಬೇರೆ ದರ. ದರ ಕೇಳಿದ ಹುಡುಗರು ಬೆಂಚಿನ ಮೇಲೆ ಕೂತು ತಮ್ಮದೇ ಹಾಳೆಯನ್ನು ಹೊಸದಾಗಿ ನೋಡಿ ಒಂದೆರಡು ಬಾಣ ಹೊಡೆದುಹಾಕುತ್ತಿದ್ದರು. ಆ ಕಾಲದ ಪ್ರಬಂಧಗಳ ಚೌಕಟ್ಟು ಬಿಗಿಯಾಗಿರುತ್ತಿದ್ದುದಕ್ಕೆ ಗೈಡುಗಳಿಗಿಂತ ಅಪ್ಪನ ದರಪಟ್ಟಿಯೇ ಕಾರಣ ಎಂಬುದು ನನ್ನ ವಾದ.

ಈಗ ಅದೇ ಮಳಿಗೆಯಲ್ಲಿ ನನ್ನ ಡಿಟಿಪಿ, ಝೆರಾಕ್ಸ್, ಬೈಂಡಿಂಗ್. ಎದುರಿಗೆ ನರ್ಸಿಂಗ್ ಕಾಲೇಜು. ಕಂಪ್ಯೂಟರಿನಲ್ಲಿ ಬಾಣ ಪುಕ್ಕಟೆ. ಎಂ.ಎಸ್ಸಿ. ನರ್ಸಿಂಗ್ ಪ್ರಬಂಧವೆಂದರೆ ಪರಿಕಲ್ಪನಾ ಚೌಕಟ್ಟಿನ ಚಿತ್ರ ಇರಲೇಬೇಕು. ಯಾವುದು ಯಾವುದಕ್ಕೆ ಕಾರಣವೆಂದು ನೀನು ನಂಬಿದ್ದೀಯ, ಅದರಲ್ಲಿ ಅಳೆಯುವುದೆಷ್ಟು ಎಂದು ಒಂದೇ ಪುಟದಲ್ಲಿ ತೋರಿಸುವ ಚಿತ್ರ ಅದು. ಕೆಲಸ ಶುರುವಾಗುವ ಮೊದಲೇ ಬರೆಯಬೇಕಾದದ್ದು. ಬೈಂಡಿಂಗಿನ ಹಿಂದಿನ ದಿನ ಬರುವವರೇ ಹೆಚ್ಚು. “ಅಕ್ಕಾ, ಹೋದ ವರ್ಷದ ಸೀನಿಯರ್‌ದು ಇರ್ಬೇಕಲ್ರೀ, ಅದ್ರಲ್ಲೇ ಹೆಡ್ಡಿಂಗ್ ಚೇಂಜ್ ಮಾಡ್ಬಿಡ್ರಿ.”

ಇರುತ್ತದೆ. ಎಡಕ್ಕೆ ಇನ್‌ಪುಟ್, ನಡುವೆ ಪ್ರೊಸೆಸ್, ಬಲಕ್ಕೆ ಔಟ್‌ಪುಟ್. ಎಡಗಡೆಯ ಚೌಕದಲ್ಲಿ ವಯಸ್ಸು, ಓದು, ಆದಾಯ. ನಡುವಿನದರಲ್ಲಿ ಬೋಧನಾ ಕಾರ್ಯಕ್ರಮ. ಬಲಗಡೆ ‘ಜ್ಞಾನದಲ್ಲಿ ಹೆಚ್ಚಳ’. ಬಲದಿಂದ ಕೆಳಗಿಳಿದು, ಸುತ್ತಿ ಬಳಸಿ ಮತ್ತೆ ಎಡಕ್ಕೆ ಬಂದು ಸೇರುವ ಚುಕ್ಕೆಗೆರೆಯ ಬಾಣ ಫೀಡ್‌ಬ್ಯಾಕ್. ಮೂಲೆಯಲ್ಲಿ ಸಣ್ಣಕ್ಷರದ ಟಿಪ್ಪಣಿ: ಚುಕ್ಕೆಗೆರೆಯ ಭಾಗ ಈ ಅಧ್ಯಯನದಲ್ಲಿ ಸೇರಿಲ್ಲ. ಸೇರಿಲ್ಲವಾದರೆ ಎಳೆದದ್ದು ಯಾಕಮ್ಮಾ ಎಂದರೆ, “ಥಿಯರಿಯಲ್ಲಿ ಇದೆಯಲ್ಲಕ್ಕಾ.” ಸಕ್ಕರೆ ಕಾಯಿಲೆಗೂ ಎದೆಹಾಲಿಗೂ ಡೆಂಗ್ಯೂಗೂ ಇದೇ ಚಿತ್ರ. ತೊಟ್ಟ ಬಾಣ ಮತ್ತೆ ತೊಡುವುದಿಲ್ಲವೆಂದು ಕರ್ಣ ಪ್ರಾಣವನ್ನೇ ಬಿಟ್ಟ. ನಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ಒಂದೇ ಬಾಣ ವರ್ಷಗಟ್ಟಲೆ ಹಾರುತ್ತಲೇ ಇದೆ.

ಚಿತ್ರದ ಕೆಳಗೆ ಬೆರ್ಟಲನ್ಫಿ ಎಂದು ಹೆಸರು ಹಾಕುತ್ತಾರೆ. ಆಸ್ಟ್ರಿಯಾದ ಜೀವವಿಜ್ಞಾನಿ, ಹುಟ್ಟಿದ್ದು 1901ರಲ್ಲಿ. ಜೀವಿಯನ್ನು ಬಿಡಿಭಾಗಗಳಾಗಿ ನೋಡಿದರೆ ಅರ್ಥವಾಗದು, ಅದು ಸುತ್ತಲಿನದರೊಂದಿಗೆ ಸದಾ ಕೊಟ್ಟು ತೆಗೆದುಕೊಳ್ಳುತ್ತ ಇರುವ ತೆರೆದ ವ್ಯವಸ್ಥೆ ಎಂದು ಹೇಳಿ, 1968ರ ಪುಸ್ತಕದಲ್ಲಿ ಅದನ್ನು ಸಾಮಾನ್ಯ ಸಿದ್ಧಾಂತವಾಗಿ ವಿಸ್ತರಿಸಿದವರು. ಕೊಟ್ಟು ತೆಗೆದುಕೊಳ್ಳುವುದೇ ಆ ಸಿದ್ಧಾಂತದ ಜೀವ. ಅದನ್ನೇ ಚುಕ್ಕೆಗೆರೆ ಮಾಡಿ ‘ಸೇರಿಲ್ಲ’ ಎಂದು ಬರೆದುಬಿಟ್ಟರೆ ಉಳಿಯುವುದು ಹಿಟ್ಟಿನ ಗಿರಣಿ!

ಹೋದ ಮಳೆಗಾಲದಲ್ಲಿ ಒಬ್ಬಳು ಬಂದಳು. ಗರ್ಭಿಣಿಯರಿಗೆ ಸರ್ಕಾರ ಕೊಡುವ ಕೆಂಪು ಕಬ್ಬಿಣದ ಮಾತ್ರೆಯೇ ಅವಳ ವಿಷಯ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ನುಂಗಬೇಕು. ಪುಕ್ಕಟೆ ಸಿಗುತ್ತದೆ, ಮನೆಗೂ ಬರುತ್ತದೆ, ಆದರೂ ಹೊಟ್ಟೆಗೆ ಹೋಗುವುದಿಲ್ಲ. ಯಾಕೆ? ಹಳೆಯ ಫೈಲು ತೆಗೆಯಲೇ ಎಂದೆ. ಬೇಡ ಎಂದಳು. ಪೆನ್ಸಿಲಿನ ಹಾಳೆ ಅವಳೇ ತಂದಿದ್ದಳು.

ಅವಳದು ಬೇರೆ ವಂಶದ ಚಿತ್ರ. 1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆಗೆ ಇಂಥದೇ ತಲೆನೋವಿತ್ತಂತೆ. ಕ್ಷಯ ಪತ್ತೆಗೆ ಎದೆಯ ಎಕ್ಸ್‌ರೇ ತೆಗೆಯುವ ವ್ಯಾನು ಮನೆ ಹತ್ತಿರಕ್ಕೇ ಬಂದರೂ ಜನ ಹತ್ತುತ್ತಿರಲಿಲ್ಲ. ಹಾಕ್‌ಬಾಮ್ ಎಂಬ ಮನಶ್ಶಾಸ್ತ್ರಜ್ಞ ಮೂರು ನಗರಗಳಲ್ಲಿ 1,200ಕ್ಕೂ ಹೆಚ್ಚು ಜನರನ್ನು ವಿಚಾರಿಸಿದರು. ಈ ರೋಗ ನನಗೂ ಬರಬಹುದು, ಬೇಗ ಗೊತ್ತಾದರೆ ಒಳ್ಳೆಯದು ಎಂಬ ಎರಡೂ ನಂಬಿಕೆ ಇದ್ದವರಲ್ಲಿ ಶೇ. 82 ಮಂದಿ ಒಮ್ಮೆಯಾದರೂ ಎಕ್ಸ್‌ರೇ ತೆಗೆಸಿದ್ದರು. ಎರಡೂ ಇಲ್ಲದವರಲ್ಲಿ ಶೇ. 21. ಆರೋಗ್ಯ ನಂಬಿಕೆಯ ಮಾದರಿ ಎಂದು ನರ್ಸಿಂಗ್ ಪುಸ್ತಕಗಳಲ್ಲಿ ಕಾಣುವ ಚೌಕಗಳು ಬೆಳೆದದ್ದು ಹೀಗೆ, ಖಾಲಿ ವ್ಯಾನಿನ ಮುಂದೆ ನಿಂತು ಕೇಳಿದ ಪ್ರಶ್ನೆಯಿಂದ.

ಅವಳ ಹಾಳೆಯಲ್ಲಿ ‘ಅಡ್ಡಿಗಳು’ ಎಂಬ ಚೌಕದೊಳಗೆ ವಾಕರಿಕೆ, ಕಪ್ಪು ಮಲ, ಮಗು ಕಪ್ಪಾಗುತ್ತದೆಂಬ ಹೆದರಿಕೆ ಇದ್ದವು. ‘ಅತ್ತೆ ಎಲ್ಲಿ?’ ಎಂದೆ. ನನ್ನ ಬಸುರಿನಲ್ಲಿ ಮಾತ್ರೆ ಡಬ್ಬಿ ಇದ್ದದ್ದು ಅತ್ತೆಯ ಅಲಮಾರಿನಲ್ಲಿ. ಊಟವಾಯಿತೇ ಎಂದು ಕೇಳಿ ಕೊಡುತ್ತಿದ್ದರು, ಮರೆತರೆ ಅವರೂ ಮರೆತರು, ನಾನೂ ಮರೆತೆ. ಅವಳು ಅತ್ತೆಗೊಂದು ಚೌಕ ಬರೆದಳು. ಬಾಣ ಎಲ್ಲಿಗೆ? ನಂಬಿಕೆಗೋ, ನೇರವಾಗಿ ನುಂಗುವುದಕ್ಕೋ? ನಂಬಿಕೆಗೆ ಎಂದರೆ ಅತ್ತೆ ಸೊಸೆಯ ಮನಸ್ಸು ಬದಲಿಸುತ್ತಾಳೆ ಎಂದಾಯಿತು. ನೇರ ಎಂದರೆ ಸೊಸೆಯ ಮನಸ್ಸಿನಲ್ಲಿ ಏನಿದ್ದರೂ ಅತ್ತೆ ಕೊಟ್ಟರಷ್ಟೇ ಮಾತ್ರೆ. ನನ್ನ ಮನೆಯಲ್ಲಿ ಎರಡನೆಯದೇ. ಅವಳು ಬಹಳ ಹೊತ್ತು ರಬ್ಬರು ಹಿಡಿದು ಕೂತಳು. ಲೈಟ್ ಹೋಯಿತು, ಬಂತು. ಬಾಣ ಇನ್ನೂ ನಿಂತಿರಲಿಲ್ಲ.

ಝೆರಾಕ್ಸಿಗೆಂದು ಬಂದಿದ್ದ ನಿವೃತ್ತ ಸಂಖ್ಯಾಶಾಸ್ತ್ರದ ಮೇಷ್ಟ್ರು ಬಗ್ಗಿ ನೋಡಿ ಖುಷಿಯಾದರು. ಈ ಬಾಣಗಳ ಮೂಲಪುರುಷ ಸ್ಯೂಯಲ್ ರೈಟ್ ಎಂದು ಶುರುವಿಟ್ಟರು. ಅಮೆರಿಕದ ಕೃಷಿ ಇಲಾಖೆಯಲ್ಲಿ ಗಿನಿಪಿಗ್ ಸಾಕುತ್ತಿದ್ದ ತಳಿವಿಜ್ಞಾನಿ. ಮರಿಗಳ ಮೈಮೇಲಿನ ಬಿಳಿ ಮಚ್ಚೆಗೆ ಕಾರಣ ಹುಡುಕುತ್ತ 1920ರಲ್ಲಿ ಬಾಣಗಳ ಚಿತ್ರ ಅಚ್ಚು ಹಾಕಿಸಿದ. ಆಯ್ಕೆಯಿಲ್ಲದೆ ಕೂಡಿಸಿದ ತಳಿಯಲ್ಲಿ ನೂರಕ್ಕೆ 42 ಪಾಲು ಅನುವಂಶೀಯತೆ, 58 ಪಾಲು ಗರ್ಭದಲ್ಲಿ ಬೆಳೆಯುವಾಗಿನ ಆಕಸ್ಮಿಕ ಎಂದು ಲೆಕ್ಕ ಬಂತು. ಪಾಠ ಮಾಡುವಾಗ ಡಸ್ಟರೆಂದು ಗಿನಿಪಿಗ್ಗನ್ನೇ ಹಿಡಿದು ಬೋರ್ಡು ಒರೆಸಿದನೆಂದು ಕತೆಯಿದೆ. ಸುಳ್ಳಂತೆ, ಆದರೂ ಮೇಷ್ಟ್ರು ಬಿಡಲಿಲ್ಲ. 1922ರಲ್ಲಿ ನೈಲ್ಸ್ ಎಂಬಾತ ಈ ವಿಧಾನದ ಮೇಲೆ ಹರಿಹಾಯ್ದ. ರೈಟ್ ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ಅಂಕಿಗಳಿಂದ ಕಾರಣ ಹುಟ್ಟುವುದಿಲ್ಲ, ಕಾರಣದ ತಿಳಿವಳಿಕೆಯನ್ನು ನೀವೇ ತರಬೇಕು, ಅಂಕಿ ಅದರ ಭಾರವನ್ನಷ್ಟೇ ಹೇಳೀತು. “ಎಳೆದ ಬಾಣಕ್ಕಿಂತ ಎಳೆಯದ ಬಾಣಕ್ಕೆ ಧೈರ್ಯ ಬೇಕಮ್ಮಾ,” ಎಂದರು ಮೇಷ್ಟ್ರು. “ಎಳೆದರೆ, ಸಂಬಂಧ ಇರಬಹುದು ಅಂತ. ಬಿಟ್ಟರೆ, ಇಲ್ಲವೇ ಇಲ್ಲ ಅಂತ.”

ಅವಳು ಆದಾಯದಿಂದ ಹೊರಟಿದ್ದ ಬಾಣಗಳನ್ನು ಅಳಿಸಿದಳು, ಒಂದನ್ನು ಬಿಟ್ಟು. ಮಾತ್ರೆಗೆ ದುಡ್ಡು ಕೊಡಬೇಕಿಲ್ಲ, ಆದರೆ ಸ್ಕ್ಯಾನಿಂಗಿಗೆ ಹೋಗುವ ದಿನ ಕೂಲಿ ತಪ್ಪುತ್ತದೆ ಎಂದಳು. ಅದು ಯಾವ ಪುಸ್ತಕದಲ್ಲೂ ಸಿಕ್ಕಿದ್ದಲ್ಲ, ಅವಳ ತಾಯಿ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ.

ವಾರ ಬಿಟ್ಟು ಪ್ರಶ್ನಾವಳಿ ಟೈಪ್ ಮಾಡಿಸಲು ಬಂದಳು. ಚಿತ್ರದ ಪ್ರಿಂಟನ್ನು ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಚೌಕದ ಮೇಲೆ ಪ್ರಶ್ನೆಯ ನಂಬರು ಬರೆಯುತ್ತ ಹೋದೆವು. ಅತ್ತೆಯ ಚೌಕಕ್ಕೆ ನಂಬರೇ ಸಿಗಲಿಲ್ಲ. ಪ್ರಶ್ನೆ ಇಲ್ಲದ ಚೌಕವನ್ನು ಅಳೆಯುವುದು ಹೇಗೆ? ಚೌಕ ತೆಗೆಯಬೇಕು, ಇಲ್ಲವೇ ಪ್ರಶ್ನೆ ಸೇರಿಸಬೇಕು. ಅಲ್ಲೇ ಸ್ಟೂಲಿನ ಮೇಲೆ ಕೂತು ಬರೆದಳು: ‘ನಿಮ್ಮ ಮನೆಯಲ್ಲಿ ಮಾತ್ರೆ ಯಾರ ಬಳಿ ಇರುತ್ತದೆ?’ ಆಮೇಲೆ ಗೈಡಿಗೆ ಫೋನು ಹಚ್ಚಿದಳು. “ಮೇಡಂ, ಒಂದು ಪ್ರಶ್ನೆ ಸೇರಿಸಿದ್ರೆ ಎಥಿಕ್ಸ್ ಕಮಿಟಿಗೆ ಮತ್ತೆ ಕಳಿಸ್ಬೇಕಾ?” ಆ ಕಡೆಯಿಂದ ಬಂದ ಉತ್ತರ ಉದ್ದವಾಗಿತ್ತು. ಅವಳು ಹೂಂ ಮೇಡಂ, ಹೂಂ ಮೇಡಂ ಎನ್ನುತ್ತಲೇ ಪ್ರಶ್ನೆಯನ್ನು ಟೈಪ್ ಮಾಡುವಂತೆ ನನಗೆ ಕೈಸನ್ನೆ ಮಾಡಿದಳು.