ಅದು, ಅವಳು, ಅವರು

ಟೋಕಿಯೋ,
ಭಾನುವಾರ ರಾತ್ರಿ

ಪ್ರೀತಿಯ ಅಕ್ಕಾ,

ಇವತ್ತು ನನಗೆ ಊಟ ತಂದದ್ದು ಬೆಕ್ಕು. ನಗಬೇಡ. ಇಲ್ಲಿನ ಗುಸ್ಟೋ ಹೋಟೆಲುಗಳಲ್ಲಿ ನಾಲ್ಕು ತಟ್ಟೆಯ ಪುಟ್ಟ ಕಪಾಟಿನಂಥ ಗಾಡಿ ತಾನಾಗಿಯೇ ಓಡಾಡುತ್ತದೆ. ಮೇಲೆರಡು ಕಿವಿ, ಪರದೆಯಲ್ಲಿ ಬೆಕ್ಕಿನ ಮುಖ. ಕೈಯಿಲ್ಲ, ತಟ್ಟೆ ನಾವೇ ಎತ್ತಿಕೊಳ್ಳಬೇಕು. ಕಿವಿ ಸವರಿದರೆ ಅದಕ್ಕೆ ಖುಷಿ. ಸವರುತ್ತಲೇ ಇದ್ದರೆ ಮುಖ ಸಿಂಡರಿಸುತ್ತದೆ. ಅದರ ದಾರಿಗೆ ಅಡ್ಡ ನಿಂತಿದ್ದ ನಾನು ‘ಸಾರಿ’ ಅಂದುಬಿಟ್ಟೆ. ಪಕ್ಕದ ಮೇಜಿನ ಅಜ್ಜಿಯೂ ಅದಕ್ಕೆ ತಲೆಬಾಗಿದರು, ಸಮಾಧಾನವಾಯಿತು.

ಮೊನ್ನೆ ಇಳಿದುಕೊಂಡ ಲಾಡ್ಜಿನದು ಬೇರೆಯೇ ಕಥೆ. ಕೌಂಟರಿನಲ್ಲಿ ಹೆಣ್ಣಿನ ರೂಪದ ರೋಬೋ. ಚರ್ಮ, ರೆಪ್ಪೆ, ಉಗುರು ಎಲ್ಲ ಥೇಟ್. ಬಾಗಿ ನಮಸ್ಕರಿಸಿತು, ತಲೆಯೆತ್ತಿದಾಗ ಕಣ್ಣು ನನ್ನ ಭುಜದಾಚೆ ಎಲ್ಲೋ. ನನ್ನ ಪಾಸ್‌ಪೋರ್ಟನ್ನು ಯಂತ್ರ ಓದಲಿಲ್ಲ. ಎಷ್ಟು ಕೇಳಿದರೂ ಅದೇ ನಗು, ಅದೇ ಮಾತು. ಸಿಟ್ಟು ನೆತ್ತಿಗೇರಿತು. ಎಟಿಎಂ ನನ್ನ ಕಾರ್ಡು ನುಂಗಿದಾಗಲೂ ಇಷ್ಟು ಅವಮಾನವಾಗಿರಲಿಲ್ಲ. ಎಟಿಎಂಗೆ ಮುಖವೆಲ್ಲಿದೆ, ಕಡೆಗಣಿಸಲು? ಇವಳಿಗಿತ್ತು. (ನೋಡು, ‘ಇವಳು’ ಎಂದೇ ಬರೆದೆ.)

ಮನುಷ್ಯರಂತೆಯೇ ಕಾಣುವ ಯಂತ್ರ ತರುವ ಈ ಕಸಿವಿಸಿಯ ಬಗ್ಗೆ ಮಸಾಹಿರೊ ಮೋರಿ ಎಂಬ ಇಲ್ಲಿನ ರೋಬೋ ವಿಜ್ಞಾನಿ 1970ರಲ್ಲೇ ಬರೆದಿದ್ದರು. ಯಂತ್ರ ಮನುಷ್ಯನನ್ನು ಹೋಲುತ್ತ ಹೋದಂತೆ ನಮ್ಮ ಅಕ್ಕರೆ ಏರುತ್ತದಂತೆ. ಇನ್ನೇನು ಮನುಷ್ಯನೇ ಎನ್ನುವಷ್ಟರಲ್ಲಿ ದೊಪ್ಪನೆ ಕಣಿವೆಗೆ ಬೀಳುತ್ತದಂತೆ. ನಿಜವಾದದ್ದೆಂದು ಕೃತಕ ಕೈಯನ್ನು ಕುಲುಕಿದಾಗ ಮೂಳೆಯೇ ಇಲ್ಲದ ತಣ್ಣನೆ ಹಿಡಿತ ಸಿಕ್ಕಿದ ಹಾಗೆ. ಇಲ್ಲಿನ ಬುನ್ರಾಕು ಗೊಂಬೆಯಾಟದ ಗೊಂಬೆಗಳನ್ನು ಮಾತ್ರ ಅವರು ಮೆಚ್ಚಿದ್ದಾರೆ. ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆ ನೋಡುತ್ತ ನೀನು ಅತ್ತದ್ದು ನೆನಪಾಯಿತು. ದಾರ ಕಾಣುತ್ತಿತ್ತು, ಆದರೂ ಅತ್ತೆ.

ನಿನ್ನೆ ನಿಹೊಂಬಾಶಿಯ ಡಾನ್ ಕೆಫೆಗೆ ಹೋಗಿದ್ದೆ. 2021ರಿಂದ ನಡೆಯುತ್ತಿದೆ. ಮೇಜಿನ ಮೇಲೆ ಗೇಣುದ್ದದ ಬಿಳಿ ರೋಬೋ, ಹೆಸರು ಓರಿಹಿಮೆ. ನೋಹ್ ನಾಟಕದ ಮುಖವಾಡದಂಥ, ಇಂಥದೇ ಭಾವವೆನ್ನಲಾಗದ ಮುಖ. ಅದರಿಂದ ಮಾತಾಡುವವರು ಮನುಷ್ಯರೇ. ಕಾಯಿಲೆಯಿಂದಲೋ ಅಂಗವೈಕಲ್ಯದಿಂದಲೋ ಹೊರಗೆ ದುಡಿಯಲಾಗದವರು ಮನೆಯಿಂದಲೇ ಅದನ್ನು ನಡೆಸುತ್ತಾರೆ. ನಮ್ಮ ಮೇಜಿನವರು ಇಂಗ್ಲಿಷಿನಲ್ಲಿ ನನ್ನ ಊರು ಕೇಳಿದರು, ಅಲ್ಲಿ ಕಡಲಿದೆಯೇ ಎಂದರು. ಮನೆಯಿಂದಲೇ ಮೊರೆತ ಕೇಳುತ್ತದೆ ಎಂದೆ. ರೋಬೋ ರೆಕ್ಕೆಯಂಥ ಕೈಯೆತ್ತಿತು. ಯಾಕೋ ನಾನು ದನಿ ತಗ್ಗಿಸಿ ಮಾತಾಡುತ್ತಿದ್ದೆ. ಹೊರಡುವಾಗ ಬೆನ್ನು ತೋರಿಸಲು ಮನಸ್ಸಾಗದೆ ಹಿಂದೆ ಹಿಂದೆ ಸರಿದು ಕುರ್ಚಿಗೆ ಎಡವಿದೆ. “ಜೋಪಾನ” ಎಂದರು.

ಅಮ್ಮನ ಮಂಡಿಗೆ ಇಲ್ಲಿಯ ನೋವಿನ ಪಟ್ಟಿ ಕೊಂಡಿದ್ದೇನೆ, ಹೇಳು.

ನಿನ್ನ ತಂಗಿ