ತುರೋರಿಯಿಂದ ಸೊಲ್ಲಾಪುರಕ್ಕೆ: ಒಂದು ಎಂಜಿನ್ನಿನ ದಾಖಲಾತಿ

ಉಮರ್ಗಾದಿಂದ ಪೂರ್ವಕ್ಕೆ ಹೊರಟ ಹೆದ್ದಾರಿಯು ಕರ್ನಾಟಕದ ಗಡಿಯನ್ನು ಮುಟ್ಟುವ ಮೊದಲು ತುರೋರಿಯನ್ನು ಹಾಯುತ್ತದೆ. ಹಿಂದೆ 9ನೆಯ ಸಂಖ್ಯೆಯದಾಗಿದ್ದ ಈ ರಾಷ್ಟ್ರೀಯ ಹೆದ್ದಾರಿಗೆ ಈಗ 65ನೆಯ ಸಂಖ್ಯೆ. 1956ರಲ್ಲಿ ಹೈದರಾಬಾದ್ ರಾಜ್ಯ ಒಡೆದಾಗ ಬಸವಕಲ್ಯಾಣವು ಮೈಸೂರಿಗೂ ಉಮರ್ಗಾ ಮುಂಬಯಿಗೂ ಸೇರಿದವು. ಆದರೆ ದಾರಿಯಲ್ಲಿ ಗಾಡಿ ಕೆಟ್ಟು ನಿಂತವನಿಗೆ ಗಡಿಯ ಗೊಡವೆ ಎಲ್ಲಿಯದು? ಕನ್ನಡ, ಮರಾಠಿ, ದಖನಿ ಮೂರರಲ್ಲಿಯೂ ಇಲ್ಲಿ ದುರಸ್ತಿಯ ಮಾತು ನಡೆಯುತ್ತದೆ.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಜೀಪು ಬೆಳಿಗ್ಗೆ ಮಕ್ಕಳನ್ನು ಉಮರ್ಗಾದ ಶಾಲೆಗಳಿಗೆ ಒಯ್ಯುತ್ತಿತ್ತು. ನೀರು ಸೋರಿ ಎಂಜಿನ್ ಕಾದು ಹಿಡಿದುಕೊಂಡಿತು. ಸೊಲ್ಲಾಪುರದ ಗುಜರಿಯಿಂದ ಅದೇ ಮಾದರಿಯ ಹಳೆಯ ಎಂಜಿನ್ ತಂದು ಊರ ಮಿಸ್ತ್ರಿ ಕೂಡಿಸಿದನು. ಎಂಜಿನ್ ಚಾಲೂ ಆಯಿತು. ಆದರೆ ನಡುಗಿತು, ಹೊಗೆ ಉಗುಳಿತು, ಏರಿನಲ್ಲಿ ಎಷ್ಟು ತುಳಿದರೂ ವೇಗ ಹಿಡಿಯಲೊಲ್ಲದು. ಮಕ್ಕಳು ಎರಡು ವಾರ ಸಿಕ್ಕ ಲಾರಿಗೆ ಕೈಯೊಡ್ಡಿ ಹೋದರು. ಇದೇ ನಮ್ಮನ್ನು ಅವನೊಡನೆ ಸೊಲ್ಲಾಪುರಕ್ಕೆ ಹೊರಡಿಸಿತು.

ಈ ಮಿಸ್ತ್ರಿಯ ಕೈ ಸಾಮಾನ್ಯವಾದುದಲ್ಲ. ಸ್ಕ್ರೂ ಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ ಯಾವ ನೋಝಲ್ ಕೆಟ್ಟಿದೆಯೆಂದು ಹೇಳಬಲ್ಲನು. ಬೆಂಗಳೂರಿನಲ್ಲಿ 1951ರಲ್ಲಿ ಆರಂಭವಾಗಿ 2008ರಲ್ಲಿ ಬಾಷ್ ಎಂಬ ಹೆಸರು ತಳೆದ ಮೈಕೋದ ಪಂಪುಗಳೆಂದರೆ ಅವನಿಗೆ ಕರತಲಾಮಲಕ. ಆದರೆ 1997ರಲ್ಲಿ ಯುರೋಪಿನ ಕಾರುಗಳಲ್ಲಿ ಮೊದಲಿಗೆ ಬಂದ ಕಾಮನ್ ರೇಲ್ ಪದ್ಧತಿಯಲ್ಲಿ ತಿರುಗಿಸಲು ಸ್ಕ್ರೂ ಇಲ್ಲ. ಸಾವಿರ ವಾತಾವರಣಗಳಿಗೂ ಮಿಕ್ಕ ಒತ್ತಡದಲ್ಲಿ ಡೀಸೆಲ್ ಒಂದೇ ಕೊಳವೆಯಲ್ಲಿ ಕಾದಿರುತ್ತದೆ. ಯಾವ ಇಂಜೆಕ್ಟರು ಯಾವ ಕ್ಷಣದಲ್ಲಿ ಎಷ್ಟು ಹೊತ್ತು ತೆರೆಯಬೇಕೆಂಬುದನ್ನು ಗಣಕವು, ಮಿಸ್ತ್ರಿಗಳ ಭಾಷೆಯಲ್ಲಿ ಇಸಿಎಂ, ನಿರ್ಣಯಿಸುತ್ತದೆ.

ಸೊಲ್ಲಾಪುರದ ಪಂಪ್ ಕೋಣೆಯ ತರುಣನು ಸ್ಟಿಯರಿಂಗ್ ಕೆಳಗಿನ ಹದಿನಾರು ಮುಳ್ಳಿನ ಸಾಕೆಟ್ಟಿಗೆ ತನ್ನ ಯಂತ್ರವನ್ನು ಜೋಡಿಸಿದನು. ದೋಷ ಹತ್ತು ನಿಮಿಷದಲ್ಲಿ ಹೊರಬಿತ್ತು. ಒಂದೇ ಅಚ್ಚಿನ ಇಂಜೆಕ್ಟರುಗಳಾದರೂ ಒಂದು ಕೂದಲೆಳೆಯಷ್ಟು ಹೆಚ್ಚು, ಇನ್ನೊಂದು ಕಡಿಮೆ ಸಿಂಪಡಿಸುತ್ತವೆ. ಕಾರ್ಖಾನೆಯಲ್ಲಿಯೇ ಅಳೆದು, ಆ ಅಂತರವನ್ನು ಸಂಕೇತಾಕ್ಷರಗಳಾಗಿ ಪ್ರತಿಯೊಂದರ ತಲೆಯ ಮೇಲೆ ಕೆತ್ತಿರುತ್ತಾರೆ. ಗಾಡಿಯ ಗಣಕದಲ್ಲಿ ಇನ್ನೂ ಹಳೆಯ ನಾಲ್ಕರ ಸಂಕೇತಗಳೇ ಇದ್ದವು. ವರ್ಗವಾಗಿ ಹೋದ ಮಕ್ಕಳ ಹೆಸರನ್ನೇ ಹಾಜರಿ ಪುಸ್ತಕದಿಂದ ಕೂಗಿ, ಎದುರಿಗೆ ಕುಳಿತವರನ್ನು ಹಳೆಯ ಅಂಕಗಳಿಂದ ತೂಗಿದಂತಾಯಿತು! ಗಾಡಿಯ ಮೂಲ ಗಣಕವನ್ನು ಉಳಿಸಿಕೊಂಡದ್ದು ಮಾತ್ರ ಮಿಸ್ತ್ರಿಯ ಜಾಣತನ. ಎಂಜಿನ್ನಿನೊಡನೆ ಬಂದ ಗಣಕ ಹಾಕಿದ್ದರೆ ಅದು ಈ ಗಾಡಿಯ ಕೀಲಿಯನ್ನೇ ಗುರುತಿಸದೆ ಇರಬಹುದಿತ್ತು.

ಹೊಸ ನಾಲ್ಕು ಸಂಕೇತಗಳನ್ನು ತುಂಬಿ, ಹಳೆಯ ದೋಷಗಳನ್ನು ಅಳಿಸಿ, ಎಂಜಿನ್ ಕಾಯುವವರೆಗೆ ನಡೆಸಿದರು. ನಡುಕ ನಿಂತಿತು. ಆಗ ತರುಣನು, "ಇನ್ನಷ್ಟು ಜೋರು ಬರೋ ಹಂಗ ಮಾಡಿ ಕೊಡ್ಲೇನ್ರೀ?" ಎಂದು ಕೇಳಿದನು. ಗಣಕದೊಳಗಿನ ಲೆಕ್ಕವನ್ನೇ ತಿದ್ದಿ ಹೆಚ್ಚು ಡೀಸೆಲ್ ಉಣಿಸುವ ಉಪಾಯವದು. ನಮ್ಮ ಹುಡುಗನ ಕಣ್ಣು ಅರಳಿತು. ನಾವು ಬೇಡವೆಂದೆವು. ಜೋರಿನೊಡನೆ ಕಾವೂ ಹೊಗೆಯೂ ಏರುತ್ತವೆ. ಗುಜರಿಯ ಎಂಜಿನ್ನಿನ ಒಳಗಿನ ಸವಕಲು ಯಾರಿಗೆ ಗೊತ್ತು? ಹಿಂದೆ ಕೂರುವವರು ಮಕ್ಕಳು. ಅವನು ಸ್ವಲ್ಪ ಹೊತ್ತು ಮುನಿಸಿಕೊಂಡು ಸುಮ್ಮನಾದನು.

ಇನ್ನೊಂದು ಕೆಲಸವನ್ನು ಬಹಳ ಮಂದಿ ಮರೆಯುತ್ತಾರೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ಅನುಮತಿ ಪಡೆಯದೆ ಎಂಜಿನ್ ಬದಲಿಸಿದರೆ 14 ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಪುಸ್ತಕದ ಸಂಖ್ಯೆಯೊಂದು, ಎಂಜಿನ್ನಿನ ಸಂಖ್ಯೆಯೊಂದು ಆದರೆ ಅಪಘಾತದ ದಿನ ವಿಮೆಯವರು ಮೊದಲು ನೋಡುವುದು ಅದನ್ನೇ. ದಿನಗಳು ಆಗಲೇ ಮುಗಿಯುತ್ತ ಬಂದಿದ್ದವು. ಗುಜರಿಯ ರಸೀದಿಯನ್ನು ಜೋಪಾನವಾಗಿಟ್ಟುಕೊಂಡು ಮರುದಿನವೇ ಧಾರಾಶಿವಕ್ಕೆ ಹೋಗೆಂದು ಅವನಿಗೆ ಹೇಳಿದೆವು.

ನಳದುರ್ಗದ ಕೋಟೆಯನ್ನು ಹಾಯ್ದು ಸಂಜೆಗೆ ತುರೋರಿ ಸೇರಿದೆವು. ಮಿಸ್ತ್ರಿ ನಮ್ಮಿಂದ ಸಂಕೇತಗಳ ಚೀಟಿ ಇಸಿದುಕೊಂಡು, ಬಾನೆಟ್ಟು ಎತ್ತಿ, ಅದರ ಒಳಮೈಗೆ ಬಿಳಿ ಬಣ್ಣದಿಂದ ನಾಲ್ಕನ್ನೂ ಒಂದೊಂದಾಗಿ ಬರೆದನು.